ಮಳೆಯಲ್ಲಿ ಸಾಗಿದ ಮೆರವಣಿಗೆ: ಥೇಮ್ಸ್ ನದಿ ಹೇಳುವ ಪಾಠ



ನದಿಯನ್ನು ಗೌರವಿಸಲು ಮನುಷ್ಯ ಕಂಡುಕೊಂಡ ಬಗೆಗಳಲ್ಲಿ ದೋಣಿಗಳ ಮೆರವಣಿಗೆಯೂ ಒಂದು. ಮಲೆನಾಡಿನವರಿಗೆ ಇದು ಅಪರಿಚಿತವಲ್ಲ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತುಂಗೆಯ ಮೇಲೆ ದೀಪ ಹೊತ್ತ ತೆಪ್ಪ ಸಾಗುವಾಗ ದಡದ ಬಂಡೆಗಳ ಮೇಲೆ ಕುಳಿತು ನೋಡಿದವರು ಈ ಸಭೆಯಲ್ಲಿಯೂ ಅನೇಕರಿರಬಹುದು. ಆದರೆ ಇಂದಿನ ವಿಷಯ ಬಹುದೂರದ ಒಂದು ನದಿಯದು. ಆ ನದಿಯ ಮೇಲೆ ಒಂದು ಮಳೆಗಾಲದಂತಹ ಮಧ್ಯಾಹ್ನ ನಡೆದ ಉತ್ಸವದ್ದು. ಆ ಉತ್ಸವವನ್ನು ನೆನೆದುಕೊಂಡೇ ನೋಡಿದ ಜನರದ್ದು.

2012ರ ಜೂನ್ 3, ಭಾನುವಾರ. ಇಂಗ್ಲೆಂಡಿನ ರಾಜಧಾನಿ ಲಂಡನ್ನಿನ ನಡುವೆ ಹರಿಯುವ ಥೇಮ್ಸ್ ನದಿಯ ಮೇಲೆ ಅಂದು ದೋಣಿಗಳ ಮಹಾ ಮೆರವಣಿಗೆಯೊಂದು ಹೊರಟಿತು. ರಾಣಿ ಎರಡನೆಯ ಎಲಿಜಬೆತ್ 1952ರಲ್ಲಿ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ ವಜ್ರಮಹೋತ್ಸವದ ಅಂಗವಾಗಿ ಏರ್ಪಟ್ಟ ಕಾರ್ಯಕ್ರಮವದು. ಬ್ಯಾಟರ್‌ಸೀ ಸೇತುವೆಯಿಂದ ಟವರ್ ಸೇತುವೆಯವರೆಗೆ, ಸುಮಾರು 11 ಕಿಲೋಮೀಟರ್ ದೂರ, ದೋಣಿಗಳು ಸಾಲುಗಟ್ಟಿ ಸಾಗಿದವು. ಗಿನ್ನೆಸ್ ದಾಖಲೆಯವರು ಲೆಕ್ಕ ಹಿಡಿದ ದೋಣಿಗಳ ಸಂಖ್ಯೆ 670. ದಡದಲ್ಲಿ ನೆರೆದ ಜನ ಹತ್ತು ಲಕ್ಷಕ್ಕೂ ಮಿಗಿಲೆಂದು ಅಂದಿನ ವರದಿಗಳು ತಿಳಿಸಿದವು.

ಎಲ್ಲಕ್ಕಿಂತ ಮುಂದೆ ತೇಲುವ ಗಂಟೆಗೋಪುರವಿತ್ತು. ಹೊಸದಾಗಿ ಎರಕ ಹೊಯ್ದ ಎಂಟು ಗಂಟೆಗಳನ್ನು ಹೊತ್ತ ಆ ದೋಣಿ ಮುಂದೆ ಸಾಗಿದಂತೆ, ದಡದ ಚರ್ಚುಗಳ ಗಂಟೆಗಳು ಮರುದನಿ ಕೊಟ್ಟವು. ಅದರ ಹಿಂದೆ ‘ಗ್ಲೋರಿಯಾನಾ’ ಎಂಬ, ಚಿನ್ನದ ಬಣ್ಣ ಬಳಿದ 94 ಅಡಿ ಉದ್ದದ ನೌಕೆಯನ್ನು 18 ಮಂದಿ ಹುಟ್ಟು ಹಾಕಿ ನಡೆಸಿದರು. ಒಲಿಂಪಿಕ್ ಪದಕ ಗೆದ್ದ ಸ್ಟೀವ್ ರೆಡ್‌ಗ್ರೇವ್ ಮತ್ತು ಮ್ಯಾಥ್ಯೂ ಪಿನ್ಸೆಂಟ್ ಅವರೂ ಆ ಹುಟ್ಟುಗಾರರಲ್ಲಿದ್ದರು. ಮೆರವಣಿಗೆಯಲ್ಲಿ ಕೈಯಿಂದ ನಡೆಸುವ ಪುಟ್ಟ ದೋಣಿಗಳಿದ್ದವು. ಅಗ್ನಿಶಾಮಕ ದಳದ, ಜೀವರಕ್ಷಕ ದಳದ ದೋಣಿಗಳಿದ್ದವು. ಸರಕು ಎಳೆಯುವ ಟಗ್‌ಗಳಿದ್ದವು. 1940ರಲ್ಲಿ ಡಂಕರ್ಕ್ ತೀರದಿಂದ ಸೈನಿಕರನ್ನು ಕರೆತಂದ ಹಳೆಯ ಸಣ್ಣ ಹಡಗುಗಳೂ ಇದ್ದವು. ನಡುನಡುವೆ ಸಂಗೀತಗಾರರ ದೋಣಿಗಳು ಬಂದವು. 1717ರಲ್ಲಿ ದೊರೆ ಒಂದನೆಯ ಜಾರ್ಜನ ಜಲವಿಹಾರಕ್ಕಾಗಿ ಹ್ಯಾಂಡೆಲ್ ರಚಿಸಿ ಇದೇ ನದಿಯ ಮೇಲೆ ನುಡಿಸಿದ್ದ ‘ಜಲಸಂಗೀತ’ವು ಮತ್ತೆ ಅದೇ ನೀರಿನ ಮೇಲೆ ಕೇಳಿಬಂತು.

ಇಂತಹ ಮೆರವಣಿಗೆ ಆ ನದಿಗೆ ಹೊಸತಲ್ಲ. 1662ರ ಆಗಸ್ಟ್‌ನಲ್ಲಿ ದೊರೆ ಎರಡನೆಯ ಚಾರ್ಲ್ಸ್ ತನ್ನ ಹೊಸ ರಾಣಿ ಬ್ರಗಾಂಜಾದ ಕ್ಯಾಥರೀನಳನ್ನು ಥೇಮ್ಸ್ ಮೂಲಕವೇ ಲಂಡನ್ನಿಗೆ ಕರೆತಂದಾಗ ನೀರೇ ಕಾಣದಷ್ಟು ದೋಣಿಗಳು ಸೇರಿದ್ದವೆಂಬುದನ್ನು ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಬರೆದಿಟ್ಟಿದ್ದಾನೆ. ಆ ಮದುವೆಯ ವರದಕ್ಷಿಣೆಯ ಭಾಗವಾಗಿಯೇ ಮುಂಬಯಿಯ ದ್ವೀಪಗಳು ಪೋರ್ಚುಗೀಸರಿಂದ ಇಂಗ್ಲಿಷರ ಕೈ ಸೇರಿದವು. ದೂರದ ನದಿಯೊಂದರ ಉತ್ಸವಕ್ಕೂ ಭಾರತದ ಕರಾವಳಿಯ ಚರಿತ್ರೆಗೂ ಹೀಗೊಂದು ನಂಟಿದೆ.

ಆದರೆ 2012ರ ಆ ದಿನ ಆಕಾಶ ಉತ್ಸವದ ಪರವಾಗಿರಲಿಲ್ಲ. ಜೂನ್ ತಿಂಗಳು ಅಲ್ಲಿ ಬೇಸಿಗೆಯ ಆರಂಭ. ಆದರೂ ಚಳಿಗಾಳಿ ಬೀಸುತ್ತಿತ್ತು. ಮೋಡ ತೀರ ಕೆಳಗಿಳಿದಿತ್ತು. ಮಧ್ಯಾಹ್ನ ಕಳೆದಂತೆ ಮಳೆ ಬಲವಾಯಿತು. ಮೆರವಣಿಗೆಯ ಕೊನೆಗೆ ನಡೆಯಬೇಕಿದ್ದ ನೌಕಾಪಡೆಯ ಹೆಲಿಕಾಪ್ಟರುಗಳ ಹಾರಾಟವನ್ನು ಕೈಬಿಡಬೇಕಾಯಿತು. ಕೊನೆಯ ಸಂಗೀತದೋಣಿಯ ಮೇಲ್ಛಾವಣಿಯಲ್ಲಿ ನಿಂತ ಯುವ ಗಾಯಕರು ಕೂದಲಿನಿಂದ ನೀರು ಇಳಿಯುತ್ತಿದ್ದಂತೆಯೇ ಹಾಡಿದರು. 86 ವರ್ಷದ ರಾಣಿಯೂ 90 ದಾಟಿದ ಅವರ ಪತಿಯೂ ತಮಗಾಗಿ ಇಟ್ಟಿದ್ದ ಆಸನಗಳಲ್ಲಿ ಕೂರದೆ ಬಹುಪಾಲು ಹೊತ್ತು ನಿಂತೇ ಇದ್ದರು. ಮರುದಿನ ರಾಣಿಯ ಪತಿ ಅನಾರೋಗ್ಯದಿಂದ ಆಸ್ಪತ್ರೆ ಸೇರಿದರು. ದಡದ ಜನರಲ್ಲಿ ಕೆಲವರು ಶೀತದಿಂದ ಮೈ ಸೆಟೆದು ಚಿಕಿತ್ಸೆ ಪಡೆಯಬೇಕಾಯಿತು. ಆದರೂ ಜನ ಕೊಡೆ ಹಿಡಿದು, ಪ್ಲಾಸ್ಟಿಕ್ ಹೊದ್ದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತರು. ಅರಸೊತ್ತಿಗೆಯೇ ಬೇಡವೆಂದು ಘೋಷಣೆ ಕೂಗಿದವರೂ ಟವರ್ ಸೇತುವೆಯ ಬಳಿ ಅದೇ ಮಳೆಯಲ್ಲಿ ನಿಂತಿದ್ದರು.

ಆಗುಂಬೆಯ ಮಳೆಯನ್ನು ಕಂಡವರಿಗೆ ಇದು ಸೋಜಿಗವೆನಿಸಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಲಂಡನ್ನಿನ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಮಲೆನಾಡಿನ ಆಷಾಢದ ಒಂದೆರಡು ವಾರದಲ್ಲಿ ಬೀಳುವಷ್ಟು ನೀರು ಅಲ್ಲಿ ವರ್ಷವಿಡೀ ಹಂಚಿ ಬೀಳುತ್ತದೆ. ಆದ್ದರಿಂದ ಅಂದಿನ ಮಳೆಯ ಮಹತ್ವವನ್ನು ಪ್ರಮಾಣದಿಂದ ಅಳೆಯುವಂತಿಲ್ಲ. ಉತ್ಸವದ ಅಲಂಕಾರ ಮುಚ್ಚಿಟ್ಟಿದ್ದ ನದಿಯ ನಿಜ ಸ್ಥಿತಿಯನ್ನು ಆ ಮಳೆ ನೆನಪಿಗೆ ತಂದಿತು ಎಂಬುದೇ ಅದರ ಮಹತ್ವ. ಆ ಸ್ಥಿತಿಯ ನಾಲ್ಕು ಮುಖಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಬರದ ಸಂಗತಿ. ಮಳೆಯಲ್ಲಿ ತೋಯುತ್ತ ನಿಂತ ಆ ಲಕ್ಷಾಂತರ ಜನ ಅಂದು ಅಧಿಕೃತವಾಗಿ ನೀರಿನ ನಿರ್ಬಂಧದಲ್ಲಿದ್ದರು! ಹಿಂದಿನ ಎರಡು ಚಳಿಗಾಲಗಳಲ್ಲಿ ಮಳೆ ಕೈಕೊಟ್ಟಿದ್ದರಿಂದ ದಕ್ಷಿಣ ಇಂಗ್ಲೆಂಡಿನ ಅಂತರ್ಜಲ ಕುಸಿದಿತ್ತು. 2012ರ ಏಪ್ರಿಲ್ 5ರಿಂದ ಕೈತೋಟಕ್ಕೆ ಕೊಳವೆಯಿಂದ ನೀರು ಹಾಯಿಸುವುದನ್ನೂ ಕಾರು ತೊಳೆಯುವುದನ್ನೂ ನಿಷೇಧಿಸಲಾಗಿತ್ತು. ನಿಷೇಧ ಜಾರಿಯಾದೊಡನೆ ಮಳೆ ಹಿಡಿಯಿತು. ಆ ವರ್ಷದ ಏಪ್ರಿಲ್ ಬ್ರಿಟನ್ನಿನ ದಾಖಲೆಯಲ್ಲಿಯೇ ಅತ್ಯಂತ ಹೆಚ್ಚು ಮಳೆಯ ಏಪ್ರಿಲ್ ಎನಿಸಿತು. ಆದರೂ ಲಂಡನ್ನಿನಲ್ಲಿ ನಿಷೇಧ ತೆರವಾದದ್ದು ಜೂನ್ 14ರಂದು, ಅಂದರೆ ಮೆರವಣಿಗೆ ಮುಗಿದು ಹನ್ನೊಂದು ದಿನ ಕಳೆದ ಮೇಲೆ. ಆಕಾಶದಿಂದ ನೀರು ಬಿದ್ದ ಮಾತ್ರಕ್ಕೆ ಬರ ನೀಗುವುದಿಲ್ಲ. ಬಿದ್ದ ನೀರು ಮಣ್ಣನ್ನು ತೋಯಿಸಿ, ಬೇರುಗಳ ಬಾಯಾರಿಕೆ ತೀರಿಸಿ, ಉಳಿದದ್ದು ಬಂಡೆಯ ಪದರಗಳಿಗೆ ಇಳಿದು, ಅಲ್ಲಿಂದ ಒರತೆಯಾಗಿ ಹೊರಬರಬೇಕು. ಅದಕ್ಕೆ ಕಾಲ ಬೇಕು, ಇಂಗಲು ನೆಲ ಬೇಕು. ಜೋರು ಮಳೆಯ ನಾಡಿನಲ್ಲಿ ಮಾರ್ಚ್ ಬರುವಷ್ಟರಲ್ಲಿ ಬಾವಿ ಒಣಗುವುದನ್ನು ಕಂಡ ಮಲೆನಾಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯದು ತಡೆಹಿಡಿದ ನದಿ. ಥೇಮ್ಸ್ ಲಂಡನ್ನಿನಲ್ಲಿ ಸಮುದ್ರದ ಉಬ್ಬರವಿಳಿತಕ್ಕೆ ಸಿಕ್ಕ ನದಿ. ಲಂಡನ್ ಸೇತುವೆಯ ಬಳಿ ನೀರಿನ ಮಟ್ಟ ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಆ ಏರಿಳಿತ ಏಳು ಮೀಟರ್‌ವರೆಗೂ ಇರಬಲ್ಲದು. ಅಂತಹ ಸೆಳೆತದಲ್ಲಿ ಹುಟ್ಟಿನ ದೋಣಿಗಳೂ ಯಂತ್ರದ ದೋಣಿಗಳೂ ಒಟ್ಟಿಗೆ ಸಾಲು ತಪ್ಪದೆ ಸಾಗುವುದು ಸುಲಭವಲ್ಲ. ಆದ್ದರಿಂದ ಅಂದು ಕೆಳಹರಿವಿನ ವುಲಿಚ್ ಬಳಿಯ ಥೇಮ್ಸ್ ತಡೆಗೋಡೆಯ ಬಾಗಿಲುಗಳನ್ನು ಮುಚ್ಚಿ ನೀರಿನ ಓಟವನ್ನು ತಗ್ಗಿಸಲಾಯಿತು. ನೋಡುಗರು ಕಂಡ ಶಾಂತವಾದ ನದಿ ಆ ದಿನದ ಮಟ್ಟಿಗೆ ಮನುಷ್ಯನು ಏರ್ಪಡಿಸಿದ್ದ ನದಿ.

ಆ ತಡೆಗೋಡೆಯನ್ನು ಕಟ್ಟಿದ್ದು ಮೆರವಣಿಗೆಗಾಗಿ ಅಲ್ಲ. 1953ರಲ್ಲಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನ ಪೂರ್ವ ತೀರದಲ್ಲಿ 300ಕ್ಕೂ ಹೆಚ್ಚು ಜನ ಸತ್ತ ನಂತರ ಹುಟ್ಟಿದ ಯೋಜನೆಯದು. 520 ಮೀಟರ್ ಅಗಲದ ನದಿಗೆ ಅಡ್ಡಲಾಗಿ ನಿಂತ ಆ ಬಾಗಿಲುಗಳು 1982ರಿಂದ ನಗರವನ್ನು ಕಾಯುತ್ತಿವೆ. ಆರಂಭದ ವರ್ಷಗಳಲ್ಲಿ ಅವನ್ನು ಮುಚ್ಚುವ ಸಂದರ್ಭ ಅಪರೂಪವಾಗಿತ್ತು. 2013–14ರ ಒಂದೇ ಚಳಿಗಾಲದಲ್ಲಿ 50 ಬಾರಿ ಮುಚ್ಚಬೇಕಾಯಿತು. ಭೂಮಿ ಬಿಸಿಯೇರಿ ಸಮುದ್ರಮಟ್ಟ ಹೆಚ್ಚುತ್ತಿರುವ ಕಾಲದಲ್ಲಿ ಆ ಬಾಗಿಲುಗಳ ಮೇಲಿನ ಭಾರವೂ ಹೆಚ್ಚುತ್ತಿದೆ. ಉತ್ಸವಕ್ಕಾಗಿ ಒಂದು ದಿನ ನದಿಯನ್ನು ನಿಲ್ಲಿಸುವುದು ಸಾಧ್ಯ. ಋತುಮಾನವನ್ನೇ ಕೆಡಿಸಿದ ಮೇಲೆ ಪ್ರತಿ ಚಳಿಗಾಲದಲ್ಲಿಯೂ ಸಮುದ್ರವನ್ನು ನಿಲ್ಲಿಸುವುದು ಬೇರೆಯೇ ಮಾತು.

ಮೂರನೆಯದು ನೋಡುಗರ ಕಾಲಕೆಳಗಿನ ಸಂಗತಿ. ವೆಸ್ಟ್‌ಮಿನ್‌ಸ್ಟರ್‌ನಿಂದ ಪೂರ್ವಕ್ಕೆ ಚಾಚಿದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಎಂಬ ಅಗಲವಾದ ಕಟ್ಟೆಯ ಮೇಲೆ ಅಂದು ಜನ ಕಿಕ್ಕಿರಿದಿದ್ದರು. ಆ ಕಟ್ಟೆ ಕೇವಲ ನದೀತೀರದ ರಸ್ತೆಯಲ್ಲ. ಅದರ ಹೊಟ್ಟೆಯೊಳಗೆ ನಗರದ ಕೊಳಚೆ ಹರಿಯುವ ದೊಡ್ಡ ಕಾಲುವೆಯಿದೆ.

ಇದರ ಕಥೆ 19ನೆಯ ಶತಮಾನದ್ದು. ಲಂಡನ್ನಿನ ನಗರಾಧ್ಯಕ್ಷರಾದ ಲಾರ್ಡ್ ಮೇಯರ್ ಅವರ ವಾರ್ಷಿಕ ಮೆರವಣಿಗೆ ಶತಮಾನಗಳ ಕಾಲ ಥೇಮ್ಸ್ ಮೇಲೆ ದೋಣಿಗಳಲ್ಲಿ ಸಾಗುತ್ತಿತ್ತು. ಅದು ನದಿಯ ಮೇಲೆ ಕೊನೆಯ ಬಾರಿ ನಡೆದದ್ದು 1856ರಲ್ಲಿ. ಅದಾದ ಎರಡೇ ವರ್ಷಕ್ಕೆ, 1858ರ ಬೇಸಿಗೆಯಲ್ಲಿ, ನದಿ ಇಡಿಯಾಗಿ ನಾರಿತು. ಮನೆಮನೆಯ ಶೌಚದ ನೀರೆಲ್ಲ ನೇರವಾಗಿ ನದಿಗೆ ಸೇರುತ್ತಿದ್ದ ಕಾಲವದು. ಅದೇ ನದಿಯಿಂದ ಕುಡಿಯುವ ನೀರನ್ನೂ ಎತ್ತುತ್ತಿದ್ದುದರಿಂದ 1853–54ರ ಕಾಲರಾದಲ್ಲಿ ಲಂಡನ್ನಿನಲ್ಲಿ 10,000ಕ್ಕೂ ಹೆಚ್ಚು ಜನ ಸತ್ತಿದ್ದರು. ಬಡವರ ಕೇರಿಗಳಲ್ಲಿ ಹೆಣ ಬೀಳುತ್ತಿದ್ದಾಗ ಮಂದಗತಿಯಲ್ಲಿದ್ದ ಪಾರ್ಲಿಮೆಂಟು, ನದೀದಂಡೆಯ ತನ್ನ ಕಿಟಕಿಗಳಿಗೇ ದುರ್ವಾಸನೆ ನುಗ್ಗಿದಾಗ ಎಚ್ಚೆತ್ತಿತು. ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರನ ಒಳಚರಂಡಿ ಯೋಜನೆಗೆ ಹಣ ಮಂಜೂರಾಯಿತು. 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಆ ಯೋಜನೆಯ ಭಾಗ.

ಆ ಕಾಮಗಾರಿ ನಗರವನ್ನು ಕಾಲರಾದಿಂದ ಉಳಿಸಿತು. ನದಿಯನ್ನು ಪೂರ್ತಿಯಾಗಿ ಉಳಿಸಲಿಲ್ಲ. ನಗರ ಬೆಳೆಯಿತು, ಕಾರ್ಖಾನೆಗಳು ಬಂದವು, ಎರಡನೆಯ ಮಹಾಯುದ್ಧದ ಬಾಂಬುಗಳು ಚರಂಡಿಗಳನ್ನು ಒಡೆದವು. 1957ರಲ್ಲಿ ಲಂಡನ್ನಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯವು ನಗರದೊಳಗಿನ ಥೇಮ್ಸ್ ಜೈವಿಕವಾಗಿ ಸತ್ತಿದೆ ಎಂದು ಸಾರಿತು. ನೀರಿನಲ್ಲಿ ಮೀನು ಬದುಕಲು ಬೇಕಾದ ಆಮ್ಲಜನಕವೇ ಉಳಿದಿರಲಿಲ್ಲ. ಅಲ್ಲಿಂದ ಮುಂದಿನ ದಶಕಗಳಲ್ಲಿ ಕೊಳಚೆ ಶುದ್ಧೀಕರಣ ಘಟಕಗಳನ್ನು ಸುಧಾರಿಸಲಾಯಿತು, ಕಾರ್ಖಾನೆಗಳ ತ್ಯಾಜ್ಯಕ್ಕೆ ಕಡಿವಾಣ ಬಿತ್ತು. 1974ರಲ್ಲಿ ಬಹುಕಾಲದ ನಂತರ ಸಾಲ್ಮನ್ ಮೀನೊಂದು ಸಿಕ್ಕಿತು. ಇಂದು ಉಬ್ಬರವಿಳಿತದ ಥೇಮ್ಸ್‌ನಲ್ಲಿ ನೂರಕ್ಕೂ ಹೆಚ್ಚು ಜಾತಿಯ ಮೀನುಗಳಿವೆ, ಸೀಲ್‌ಗಳೂ ಬರುತ್ತವೆ. 2012ರ ಮೆರವಣಿಗೆಗೆ ನಿಜವಾದ ಅಡಿಗಲ್ಲು ಹಾಕಿದವರು, ಈ ಐವತ್ತು ವರ್ಷ ನೀರಿನ ಆಮ್ಲಜನಕ ಅಳೆಯುತ್ತ, ಚರಂಡಿ ದುರಸ್ತಿ ಮಾಡುತ್ತ ಕಳೆದ ಹೆಸರಿಲ್ಲದ ಸಾವಿರಾರು ಕೆಲಸಗಾರರು. ಸತ್ತ ನದಿಯ ಮೇಲೆ ಯಾರೂ ಸಂಗೀತ ನುಡಿಸುವುದಿಲ್ಲ.

ಆದರೆ ಮಳೆ ಬಂದಾಗ ಹಳೆಯ ಸಂಕಟ ಮತ್ತೆ ತಲೆ ಎತ್ತುತ್ತಿತ್ತು. ಬ್ಯಾಜಲ್‌ಗೆಟ್‌ನ ವ್ಯವಸ್ಥೆಯಲ್ಲಿ ಮಳೆನೀರಿಗೂ ಕೊಳಚೆಗೂ ಒಂದೇ ಕಾಲುವೆ. 40 ಲಕ್ಷ ಜನರಿಗೆಂದು ಕಟ್ಟಿದ ಅದು ಈಗ ಸುಮಾರು 90 ಲಕ್ಷ ಜನರ ನಗರದ ಹೊರೆ ಹೊರುತ್ತಿದೆ. ಬೀದಿಗಳೆಲ್ಲ ಕಾಂಕ್ರೀಟಾದ್ದರಿಂದ ಮಳೆ ಇಂಗದೆ ನೇರವಾಗಿ ಕಾಲುವೆಗೆ ನುಗ್ಗುತ್ತದೆ. ಕಾಲುವೆ ತುಂಬಿದಾಗ, ಕೊಳಚೆ ಹಿಂದೆ ಸರಿದು ಮನೆಗಳಿಗೆ ನುಗ್ಗದಿರಲೆಂದು, ಹೆಚ್ಚಿನದನ್ನು ನದಿಗೆ ಬಿಡುವ ಬಾಯಿಗಳನ್ನು ಅಂದೇ ಇಡಲಾಗಿತ್ತು. ಅಪರೂಪದ ಮಹಾಮಳೆಗೆಂದು ಇಟ್ಟ ಆ ಬಾಯಿಗಳು ಕಾಲಕ್ರಮದಲ್ಲಿ ಸಾಧಾರಣ ಮಳೆಗೂ ತೆರೆಯತೊಡಗಿದವು. ಮೆರವಣಿಗೆ ನಡೆದ ಕಾಲದ ಅಂದಾಜಿನಂತೆ, ಸಾಮಾನ್ಯ ವರ್ಷವೊಂದರಲ್ಲಿ 3.9 ಕೋಟಿ ಟನ್ ಕೊಳಚೆಮಿಶ್ರಿತ ನೀರು ಹೀಗೆ ಥೇಮ್ಸ್ ಸೇರುತ್ತಿತ್ತು. ಮೇಲೆ ಬಾವುಟ, ಗಂಟೆ, ಹಾಡು. ಕೆಳಗೆ ಮಳೆಗಾಗಿ ಕಾದಿರುವ ಕೊಳಚೆಯ ಬಾಯಿ. ಒಂದೇ ನದಿಯ ಎರಡು ಚಿತ್ರಗಳಿವು.

ಇದಕ್ಕೆ ಪರಿಹಾರವಾಗಿ ನದಿಯ ತಳದಲ್ಲಿ 25 ಕಿಲೋಮೀಟರ್ ಉದ್ದದ, 7.2 ಮೀಟರ್ ವ್ಯಾಸದ ಮಹಾಸುರಂಗವನ್ನು ಕೊರೆಯಲಾಯಿತು. 2025ರ ಫೆಬ್ರವರಿಯಲ್ಲಿ ಅದರ ಎಲ್ಲ ಜೋಡಣೆಗಳೂ ಪೂರ್ಣಗೊಂಡವು. ಅದು ಬಹುದೊಡ್ಡ ಸಾಧನೆಯೇ ಸರಿ. ಅದಕ್ಕೆ ತಗುಲಿದ ವೆಚ್ಚ 400 ಕೋಟಿ ಪೌಂಡುಗಳಿಗೂ ಹೆಚ್ಚು. ಅದನ್ನು ಬಳಕೆದಾರರ ಮನೆಯ ಬಿಲ್ಲಿನಿಂದಲೇ ವಸೂಲು ಮಾಡಲಾಗುತ್ತಿದೆ. ನದಿಯನ್ನು ಕೆಡಿಸಲು ಖರ್ಚಾಗುವುದಿಲ್ಲ. ಸರಿಪಡಿಸಲು ತಲೆಮಾರುಗಳ ದುಡಿಮೆ ಬೇಕು. 2024ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಹೆಸರಾಂತ ದೋಣಿ ಸ್ಪರ್ಧೆ ನಡೆದಾಗ, ನೀರಿನಲ್ಲಿ ಇ-ಕೊಲೈ ಬ್ಯಾಕ್ಟೀರಿಯಾ ಅಧಿಕವಾಗಿದ್ದುದರಿಂದ ಗೆದ್ದ ತಂಡದವರು ನದಿಗೆ ಜಿಗಿಯುವ ಹಳೆಯ ಸಂಪ್ರದಾಯವನ್ನು ಪಾಲಿಸಬಾರದೆಂದು ಸೂಚಿಸಲಾಗಿತ್ತು. ದೋಣಿ ಓಡಿಸಲು ಯೋಗ್ಯ, ಮುಟ್ಟಲು ಅಯೋಗ್ಯ ಎಂಬಂತಾದ ನೀರು ಎಂತಹ ನೀರು!

ನಾಲ್ಕನೆಯದು, ಮೆರವಣಿಗೆಯನ್ನು ನಡೆಸಿಕೊಟ್ಟವರ ಸಂಗತಿ. ಜನಸಂದಣಿಯನ್ನು ನಿಯಂತ್ರಿಸಲು ಬೇರೆ ಊರುಗಳಿಂದ ಬಸ್ಸಿನಲ್ಲಿ ಕರೆತಂದ ನಿರುದ್ಯೋಗಿ ಯುವಜನರಲ್ಲಿ ಕೆಲವರಿಗೆ ಸಂಬಳವಿರಲಿಲ್ಲ. ಹಿಂದಿನ ರಾತ್ರಿ ಅವರು ಲಂಡನ್ ಸೇತುವೆಯ ಕೆಳಗೆ ಚಳಿಯಲ್ಲಿ ಮಲಗಬೇಕಾಯಿತು ಎಂದು ಮರುದಿನ ಪತ್ರಿಕೆಯಲ್ಲಿ ವರದಿಯಾಯಿತು. ಈ ಸುದ್ದಿ ಆ ದೇಶದಲ್ಲಿ ಚರ್ಚೆ ಎಬ್ಬಿಸಿತು. ಮಳೆ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ ಎನ್ನುತ್ತಾರೆ. ಆದರೆ ತಲೆಯ ಮೇಲೆ ಸೂರಿದ್ದವರ ಮಳೆ ಬೇರೆ, ಸೂರಿಲ್ಲದವರ ಮಳೆ ಬೇರೆ. ನದಿಯ ವಿಷಯದಲ್ಲಿಯೂ ಅಷ್ಟೆ. ನೀರು ಕೆಟ್ಟಾಗ ಮೊದಲು ಸತ್ತವರು ದಂಡೆಯ ಬಡವರು. ಕಾನೂನು ಬಂದದ್ದು ವಾಸನೆ ಅಧಿಕಾರದ ಮೂಗಿಗೆ ತಲುಪಿದ ಮೇಲೆ.

ಹಾಗಾದರೆ ಇಂತಹ ಉತ್ಸವಗಳೆಲ್ಲ ನಿಷ್ಪ್ರಯೋಜಕವೇ? ಹಾಗೆ ಹೇಳುವುದು ನ್ಯಾಯವಲ್ಲ. ಬೆನ್ನು ತಿರುಗಿಸಿ ನಡೆಯುವ ನಗರವೊಂದು ಒಂದು ದಿನವಾದರೂ ನದಿಯ ಕಡೆ ಮುಖ ಮಾಡಿ ನಿಂತಿತು. ಸುರಿವ ಮಳೆಯಲ್ಲಿ ಗಂಟೆಗಟ್ಟಲೆ ನಿಲ್ಲಬಲ್ಲಷ್ಟು ಪ್ರೀತಿ ಜನರಲ್ಲಿದೆ ಎಂಬುದಕ್ಕೆ ಅದು ಸಾಕ್ಷಿ. ಆ ಪ್ರೀತಿ ದೋಣಿಗಳು ಕಣ್ಮರೆಯಾದೊಡನೆ ಕರಗಬಾರದು ಎಂಬುದೇ ಪ್ರಶ್ನೆ. ಉತ್ಸವದ ದಿನ ನದಿಯನ್ನು ನೋಡಲು ಹತ್ತು ಲಕ್ಷ ಜನ ಬರುತ್ತಾರೆ. ಚರಂಡಿಯ ಬಾಯಿ ತೆರೆದ ದಿನ ನೋಡುವವರು ಯಾರು? ನದಿಮೂಲ ಬತ್ತಿದ ದಿನ ನೋಡುವವರು ಯಾರು?

ಈ ಕೊನೆಯ ಪ್ರಶ್ನೆ ಕೇವಲ ಕಲ್ಪನೆಯದಲ್ಲ. 346 ಕಿಲೋಮೀಟರ್ ಉದ್ದದ ಥೇಮ್ಸ್ ಗ್ಲಾಸ್ಟರ್‌ಷೈರ್ ಸೀಮೆಯ ಸುಣ್ಣಕಲ್ಲಿನ ನೆಲದ ಒರತೆಯಲ್ಲಿ ಹುಟ್ಟುತ್ತದೆ. 2022ರ ಬೇಸಿಗೆಯ ಬರದಲ್ಲಿ ಆ ಒರತೆಯಷ್ಟೇ ಅಲ್ಲ, ಅದರ ಕೆಳಗಿನ ಹಲವು ಕಿಲೋಮೀಟರ್ ಪಾತ್ರವೂ ಒಣಗಿ, ನದಿ ಇನ್ನೂ ಕೆಳಗಿನ ಊರಿನಿಂದ ಹರಿಯತೊಡಗಿತು. ಹತ್ತು ವರ್ಷಗಳ ಹಿಂದೆ ರಾಜವೈಭವದ ಮೆರವಣಿಗೆ ಕಂಡ ನದಿಯ ತವರಿನಲ್ಲಿ ಬಿರುಕುಬಿಟ್ಟ ಮಣ್ಣು ಉಳಿಯಿತು. ಅಲ್ಲಿ ಗಂಟೆ ಬಾರಿಸಿದವರು ಯಾರೂ ಇಲ್ಲ.

ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ 2015ರ ನವೆಂಬರ್‌ನಲ್ಲಿ ಬಸವಣ್ಣನವರ ಪ್ರತಿಮೆ ಸ್ಥಾಪನೆಯಾಯಿತು. 2012ರ ದೋಣಿಗಳು ಹಾದುಹೋದದ್ದು ಅದೇ ದಂಡೆಯ ಮುಂದೆ. ಎರಡು ನದಿಗಳ ಸಂಗಮದ ದೇವರನ್ನು ಅಂಕಿತವಾಗಿಸಿಕೊಂಡು, ಕಾಯಕವನ್ನು ಆಡಂಬರಕ್ಕಿಂತ ಎತ್ತರದಲ್ಲಿಟ್ಟ ಶರಣರ ಪ್ರತಿಮೆಗೆ ಅದು ತಕ್ಕ ಜಾಗವೇ. ನದಿಗೆ ಸಲ್ಲಬೇಕಾದದ್ದು ಮೊದಲು ಕಾಯಕ, ಆಮೇಲೆ ಉತ್ಸವ.

ಮಲೆನಾಡಿನ ಹಳ್ಳಿಗರು ಮತ್ತು ವಿದ್ಯಾರ್ಥಿಗಳು ನದಿಗಳ ತವರಿನಲ್ಲಿ ಬಾಳುತ್ತಿರುವವರು. ಇಲ್ಲಿ ಒಂದು ಗುಡ್ಡದ ಸೊಪ್ಪಿನ ಬೆಟ್ಟ ಬೋಳಾದರೆ, ಒಂದು ಹಳ್ಳದ ಬದಿಯ ಮಣ್ಣು ಕುಸಿದರೆ, ಒಂದು ಪೇಟೆಯ ಚರಂಡಿ ಹೊಳೆಗೆ ಸೇರಿದರೆ, ಅದರ ಫಲ ಕೆಳಗಿನ ಬಯಲಿನವರೆಗೂ ಹೋಗುತ್ತದೆ. ಲಂಡನ್ ನಗರ ತನ್ನ ನದಿಯನ್ನು ಕೊಂದು, ನೂರೈವತ್ತು ವರ್ಷ ಹೆಣಗಿ, ಸುರಂಗ ಕೊರೆದು ಕಲಿತ ಪಾಠವನ್ನು ಇಲ್ಲಿನ ಹೊಳೆಗಳು ಅಷ್ಟು ಬೆಲೆ ತೆತ್ತು ಕಲಿಯಬೇಕಾಗಿಲ್ಲ. ಶಾಲೆಯೊಂದರ ಮಕ್ಕಳು ಊರ ಹಳ್ಳದ ನೀರು ಮಳೆಗೆ ಮೊದಲು ಯಾವ ಬಣ್ಣದಲ್ಲಿತ್ತು, ಮೊದಲ ಮಳೆಯ ಮರುದಿನ ಯಾವ ಬಣ್ಣ ತಾಳಿತು, ಯಾವ ತಿಂಗಳವರೆಗೆ ಹರಿಯಿತು ಎಂದು ಪ್ರತಿ ವರ್ಷ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಅದೊಂದು ಅಮೂಲ್ಯ ದಾಖಲೆಯಾಗುತ್ತದೆ. ಅದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ, ಒಂದು ಅಳತೆಕೋಲು, ಮಳೆಯಲ್ಲಿ ಹೊರಗೆ ಹೋಗುವ ಮನಸ್ಸು.

ಮುಂದಿನ ತೆಪ್ಪೋತ್ಸವಕ್ಕೆ ಎಲ್ಲರೂ ಹೋಗಲಿ, ದೀಪಗಳನ್ನು ಕಣ್ತುಂಬ ನೋಡಲಿ. ಮರುದಿನ ಬೆಳಿಗ್ಗೆಯೂ ಅದೇ ದಡಕ್ಕೆ ಕೆಲವರಾದರೂ ಹೋಗಲಿ. ನೀರಿನಲ್ಲಿ ಏನು ಉಳಿದಿದೆ ಎಂಬುದನ್ನು ನೋಡಿ, ತೆಗೆಯಬೇಕಾದುದನ್ನು ಕೈಯಾರೆ ತೆಗೆಯಲಿ.